ಅರಿವಳಿಕೆ ಇಲ್ಲದೆ ನಾಯಿಯ ಹಲ್ಲು ಸ್ವಚ್ಛ ಮಾಡಿಸಲು ಹೋದಾಗ

"ಇಂಜೆಕ್ಷನ್ ಕೊಡದ ನಾಯಿ ಹಲ್ಲು ಕ್ಲೀನ್ ಮಾಡ್ತಾರಂತ, ನಿಮ್ಮ ಚೆನ್ನಿಗೂ ಮಾಡಿಸಿದ್ರಂತಲ್ಲ, ಹೆಂಗಾತ್ರೀ?" ಬಾಗಲಕೋಟೆ ನವನಗರದಲ್ಲಿ ಬೆಳಿಗ್ಗೆ ನಾಯಿ ಹಿಡಿದು ಅಡ್ಡಾಡುವವರು ನನ್ನನ್ನು ಕೇಳುವುದು ಈಗ ಇದೊಂದೇ. ನಿಂತಲ್ಲೇ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಚೆನ್ನಿಯ ಬಾಯೊಳಗಿನ ಹೊಲಿಗೆ ಕರಗಿದೆ, ಎರಡೂ ಬದಿಯಿಂದ ಅಗಿದು ತಿನ್ನುತ್ತಿದ್ದಾಳೆ. ಬಿಲ್ಲು, ರಿಪೋರ್ಟು ಎಲ್ಲವೂ ಇನ್ನೂ ಒಂದೇ ಫೈಲಿನಲ್ಲಿವೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ.

ಚೆನ್ನಿ ಎಂಟು ವರ್ಷದ ಮುಧೋಳ ನಾಯಿ. ಲೋಕಾಪುರದ ಹತ್ತಿರ ನಮ್ಮ ತವರಿನಿಂದ ಮರಿಯಾಗಿ ಬಂದವಳು. ಕಳೆದ ವರ್ಷದಿಂದ ಅವಳ ಬಾಯಿ ನಾರುತ್ತಿತ್ತು. ತುಟಿ ಎತ್ತಿ ನೋಡಿದರೆ ಹಿಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಗಟ್ಟಿ ಪಾಚಿ. ಆಮೇಲಾಮೇಲೆ ಒಂದೇ ಬದಿಯಿಂದ ತಿನ್ನಲು ಶುರು ಮಾಡಿದಳು. ರೊಟ್ಟಿ ಚೂರು ಬಾಯಿಂದ ಕೆಳಗೆ ಬೀಳಿಸಿ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ನಮ್ಮೂರಿನ ಒಂದು ಕ್ಲಿನಿಕ್‌ನಿಂದ ವಾಟ್ಸಾಪ್ ಸಂದೇಶ ಬಂತು: ಅರಿವಳಿಕೆ ಇಲ್ಲ, ಉಪವಾಸ ಇಲ್ಲ, ರಕ್ತಪರೀಕ್ಷೆ ಇಲ್ಲ, ಅರ್ಧ ಗಂಟೆಯಲ್ಲಿ ಹಲ್ಲು ಸ್ವಚ್ಛ. ಹೊರಗಿನಿಂದ ತರಬೇತಾದ ಸಹಾಯಕರೊಬ್ಬರು ಕೆಲವು ಭಾನುವಾರ ಬರುತ್ತಾರೆ, ಮೊದಲೇ ಹೆಸರು ಬರೆಸಬೇಕು, 1,500 ರೂಪಾಯಿ.

ಆ ಸಂದೇಶ ಓದಿ ನನಗೆ ಆದ ನಿರಾಳ ಹೇಳತೀರದು. ಮುಧೋಳ ಸೀಮೆಯಲ್ಲಿ ಈ ನಾಯಿಯ ಬಗ್ಗೆ ಮನೆಮನೆಯಲ್ಲೂ ಅಭಿಮಾನ. ಘೋರ್ಪಡೆ ಅರಸರ ಕಾಲದಿಂದ ಹಿಡಿದು 2005ರ ಅಂಚೆ ಚೀಟಿಯವರೆಗೆ, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಸೇನೆಗೆ ಹೋದ ಮರಿಗಳವರೆಗೆ ಎಲ್ಲ ಕಥೆಯೂ ನಮ್ಮ ಕಟ್ಟೆಯ ಮೇಲೆ ನಡೆಯುತ್ತದೆ. ಅದರ ಜೊತೆಗೇ ಒಂದು ಭಯವೂ ಇದೆ. "ಮುಧೋಳ ನಾಯಿಗೆ ಮತ್ತು ಬರೋ ಇಂಜೆಕ್ಷನ್ ಕೊಟ್ರ ಏಳೂದಿಲ್ಲ" ಎಂದು ನನ್ನ ಅಪ್ಪನೂ ಹೇಳುತ್ತಿದ್ದರು. ಇದು ಬರೀ ಗಾಳಿಮಾತಲ್ಲ. ಗ್ರೇಹೌಂಡ್, ಮುಧೋಳದಂಥ ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಹಳೆಯ ಕಾಲದಲ್ಲಿ ಹೆಚ್ಚು ಬಳಸುತ್ತಿದ್ದ ಥಯೋಪೆಂಟೋನ್‌ನಂಥ ಔಷಧ ಅವುಗಳ ರಕ್ತದಿಂದ ಬೇಗ ಇಳಿಯುವುದಿಲ್ಲ, ಯಕೃತ್ತೂ ಅದನ್ನು ನಿಧಾನವಾಗಿ ಕರಗಿಸುತ್ತದೆ. ಹಾಗಾಗಿ ಅವು ಗಂಟೆಗಟ್ಟಲೆ ಎಚ್ಚರವಾಗದೆ ಮಲಗುತ್ತಿದ್ದವು. ಈಗಿನ ಔಷಧಗಳು ಬೇರೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಹೆಸರು ಬರೆಸಿದ ಮೇಲೂ ಕಾಯಬೇಕಾಯಿತು. ಒಂದು ಭಾನುವಾರ ಆ ಸಹಾಯಕರು ಬರಲಿಲ್ಲ, ಇನ್ನೊಂದು ಭಾನುವಾರ ಸಾಲು ಮುಗಿಯಲಿಲ್ಲ. ಕೊನೆಗೆ ನಮ್ಮ ಪಾಳಿ ಬಂದಾಗ ಒಂದು ಒಪ್ಪಿಗೆ ಪತ್ರ ಕೈಗಿಟ್ಟರು. ಅದನ್ನು ಕೂತು ಪೂರ್ತಿ ಓದಿದೆ. ಎರಡನೇ ಪುಟದಲ್ಲಿ ಬರೆದಿತ್ತು: ಇದು ಹಲ್ಲಿನ ಹೊರಮೈಯ ಸ್ವಚ್ಛತೆ ಮಾತ್ರ, ಒಸಡಿನ ಕೆಳಗಿನ ರೋಗಕ್ಕೆ ಚಿಕಿತ್ಸೆ ಅಲ್ಲ. ಸಂದೇಶದಲ್ಲಿ ಈ ಮಾತು ಇರಲಿಲ್ಲ. ಇಂಥ ಕಡೆ ಹೋಗುವವರು ದಯವಿಟ್ಟು ಆ ಕಾಗದ ಓದದೆ ಸಹಿ ಹಾಕಬೇಡಿ. ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ನಮಗಿಂತ ಮುಂಚೆ ಒಂದು ಪುಟ್ಟ ಪಾಮೇರಿಯನ್ ಇತ್ತು, ಎರಡು ವರ್ಷದ್ದು. ಯಜಮಾನಿಯ ತೊಡೆಯ ಮೇಲೆ ಟವೆಲ್ ಸುತ್ತಿಕೊಂಡು ಮಲಗಿತು. ಸಹಾಯಕರು ಕೈಯಿಂದಲೇ ಚೂಪು ಉಪಕರಣ ಹಿಡಿದು ಕೋರೆಹಲ್ಲು, ಕೆನ್ನೆಯ ಬದಿಯ ಹಲ್ಲು ಕೆರೆದರು. ಪಾಚಿ ತೆಳ್ಳಗಿತ್ತು, ಬೇಗ ಬಂತು. ಒಂದಿಷ್ಟು ಪೇಸ್ಟ್ ಹಚ್ಚಿ ತಿಕ್ಕಿದರು. ಹಲ್ಲು ಬೆಳ್ಳಗಾಯಿತು. ಯಜಮಾನಿ ಖುಷಿಯಾಗಿ ಫೋಟೋ ತೆಗೆದುಕೊಂಡರು.

ಚೆನ್ನಿಯ ಸರದಿಯಲ್ಲಿ ಹಾಗಾಗಲಿಲ್ಲ. ಅವಳು ಸಿಟ್ಟಿನ ನಾಯಿಯಲ್ಲ, ಗುರ್ ಅನ್ನಲಿಲ್ಲ, ಕಚ್ಚಲೂ ಇಲ್ಲ. ನನ್ನ ಮೊಣಕಾಲಿಗೆ ತಲೆ ಒತ್ತಿ ನಡುಗುತ್ತಿದ್ದಳು, ಅಷ್ಟೆ. ಎದೆ ಬಡಿತ ನನ್ನ ಕೈಗೆ ಸಿಗುತ್ತಿತ್ತು. ಮುಂದಿನ ಹಲ್ಲುಗಳ ಹೊರಬದಿ ಆಯಿತು. ನಾಲಿಗೆಯ ಕಡೆಯ ಬದಿಗೆ ಕೈ ಹಾಕಲು ಬಾಯಿ ಅಗಲ ತೆರೆಯಬೇಕು, ಎಚ್ಚರವಿರುವ ನಾಯಿ ಅಷ್ಟು ಹೊತ್ತು ತೆರೆಯುವುದಿಲ್ಲ. ಎಡಗಡೆ ಮೇಲಿನ ದೊಡ್ಡ ದವಡೆ ಹಲ್ಲಿಗೆ ಉಪಕರಣ ತಾಗಿದ್ದೇ ತಡ, ಕುಯ್ ಎಂದು ತಲೆ ಕಿತ್ತುಕೊಂಡಳು. ಒಸಡಿನಿಂದ ರಕ್ತ ಬಂತು. ಪಕ್ಕದ ಕೋಣೆಯಿಂದ ಡಾಕ್ಟರಮ್ಮ ಬಂದು, ಬೆರಳಿನಿಂದ ಅವಳ ಕಣ್ಣಿನ ಕೆಳಗೆ ಮೆಲ್ಲಗೆ ಒತ್ತಿ ನೋಡಿ, "ಇಲ್ಲಿಗೆ ನಿಲ್ಲಿಸ್ರಿ" ಎಂದು ಸಹಾಯಕರಿಗೆ ಹೇಳಿದರು. ಅರ್ಧ ದುಡ್ಡು ಮರಳಿಸಿದರು. ಅವರು ಆ ಹೊತ್ತಿಗೆ ಅಲ್ಲಿದ್ದದ್ದು, ನಿಲ್ಲಿಸಿದ್ದು ನಮ್ಮ ಪುಣ್ಯ. ಆದರೆ ಈ ಪರೀಕ್ಷೆಯು ಉಪಕರಣ ಕೈಗೆತ್ತಿಕೊಳ್ಳುವ ಮೊದಲೇ ಆಗಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ಈ ಸೇವೆ ಕೊಡುವ ಪ್ರತಿಯೊಂದು ಕ್ಲಿನಿಕ್‌ನಲ್ಲೂ ಮೊದಲು ನೋಂದಾಯಿತ ವೈದ್ಯರು ಬಾಯಿ ನೋಡಬೇಕು.

ಆ ದಿನ ಸಂಜೆ ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ಏಕೆಂದರೆ ನನಗೆ ಬೇಕಿದ್ದದ್ದು ಇದೇ. ಬೆಳೆದ ನಾಯಿಗೆ 42 ಹಲ್ಲು. ಪ್ರತಿ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಒಸಡಿನೊಳಗಿದೆ. ನಮ್ಮ ಕಣ್ಣಿಗೆ ಕಾಣುವ ಕಂದು ಪಾಚಿ ನೋಡಲು ಕೆಟ್ಟದ್ದಾದರೂ, ಹಲ್ಲನ್ನು ಕೀಳುವ ರೋಗ ಬೆಳೆಯುವುದು ಒಸಡಿನ ಅಂಚಿನ ಕೆಳಗೆ. ಅಲ್ಲಿ ಸೂಕ್ಷ್ಮಾಣುಗಳು ಸೇರಿ, ಒಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದಿಯಾಗುತ್ತದೆ, ಹಲ್ಲು ಹಿಡಿದ ಎಲುಬು ಸವೆಯುತ್ತದೆ. ಆರೋಗ್ಯವಂತ ನಾಯಿಯಲ್ಲಿ ಈ ಸಂದಿಯ ಆಳ 3 ಮಿಲಿಮೀಟರ್ ಒಳಗೆ ಇರುತ್ತದೆ. ಅದನ್ನು ಅಳೆಯಲು ತೆಳುವಾದ ಕಡ್ಡಿಯನ್ನು ಪ್ರತಿ ಹಲ್ಲಿನ ಸುತ್ತ ಇಳಿಸಬೇಕು, ಎಕ್ಸ್‌ರೇಗೆ ಬಾಯೊಳಗೆ ಪುಟ್ಟ ಫಲಕ ಇಡಬೇಕು. ಎಚ್ಚರವಿರುವ ನಾಯಿಯಲ್ಲಿ ಎರಡೂ ಆಗುವುದಿಲ್ಲ. ಮೇಲಿನ ಪಾಚಿ ಕೆರೆದರೆ ಹಲ್ಲು ಚಂದ ಕಾಣುತ್ತದೆ, ಯಜಮಾನರು ಸಮಾಧಾನದಿಂದ ಮನೆಗೆ ಹೋಗುತ್ತಾರೆ, ಕೆಳಗಿನದ್ದು ಬೆಳೆಯುತ್ತಲೇ ಇರುತ್ತದೆ. ಕೆರೆದ ಮೇಲೆ ಸರಿಯಾಗಿ ಪಾಲಿಶ್ ಆಗದಿದ್ದರೆ ಹಲ್ಲಿನ ಮೇಲೆ ಉಳಿದ ಸಣ್ಣ ಗೀರುಗಳಲ್ಲಿ ಪಾಚಿ ಇನ್ನೂ ಬೇಗ ಕೂರುತ್ತದೆ.

ಚೆನ್ನಿ ತಲೆ ಕಿತ್ತುಕೊಂಡ ಹಲ್ಲಿನ ವಿಷಯ ಬೇರೆ. ಮೇಲಿನ ಆ ದೊಡ್ಡ ಹಲ್ಲಿಗೆ ಮೂರು ಬೇರು, ಅವುಗಳ ತುದಿ ಕಣ್ಣಿನ ಕೆಳಗಿನವರೆಗೆ ಹೋಗುತ್ತದೆ. ಬೇರಿನಲ್ಲಿ ಕೀವಾದರೆ ಕಣ್ಣಿನ ಕೆಳಗೆ ಬಾವು ಬರುತ್ತದೆ. ಜೇನು ಕಡಿದಿದೆ, ಕಣ್ಣಿಗೆ ಏನೋ ಆಗಿದೆ ಎಂದು ಜನ ಕಣ್ಣಿನ ಹನಿ ಕೇಳಿಕೊಂಡು ಬರುತ್ತಾರಂತೆ. ನಿಮ್ಮ ನಾಯಿಗೆ ಕಣ್ಣಿನ ಕೆಳಗೆ ಬಾವು ಬಂದು, ಇಳಿದು, ಮತ್ತೆ ಬಂದರೆ ತುಟಿ ಎತ್ತಿ ಹಲ್ಲು ತೋರಿಸಿ.

"ಹಂಗಾರ ನೀವು ಯಾಕ ಇದನ್ನ ಮಾಡ್ಸತೀರಿ?" ಎಂದು ಕೇಳಿಯೇಬಿಟ್ಟೆ. ಅವರು ಬೇಸರಪಡಲಿಲ್ಲ. ಜನ ಅರಿವಳಿಕೆ ಎಂದರೆ ಬಾಗಿಲಿಂದಲೇ ತಿರುಗಿ ಹೋಗುತ್ತಾರೆ, ಏನೂ ಮಾಡಿಸದೆ ಹಲ್ಲು ಉದುರುವವರೆಗೆ ಬಿಡುತ್ತಾರೆ, ಈ ನೆಪದಲ್ಲಾದರೂ ಬಾಯಿ ತೋರಿಸಲು ಬರಲಿ ಎಂಬುದು ಅವರ ಲೆಕ್ಕ. ಆ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಬಂದವರಿಗೆ ಸತ್ಯ ಬಾಗಿಲಲ್ಲೇ ಹೇಳಬೇಕು. ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘವಾದ ಡಬ್ಲ್ಯೂಎಸ್‌ಎವಿಎ ತನ್ನ ದಂತ ಮಾರ್ಗಸೂಚಿಯಲ್ಲಿ ಅರಿವಳಿಕೆ ಇಲ್ಲದ ದಂತ ಸ್ವಚ್ಛತೆಯನ್ನು ವಿರೋಧಿಸಿದೆ. ಅಮೆರಿಕದ ಪಶು ದಂತವೈದ್ಯ ತಜ್ಞರ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಆ ಪಾಮೇರಿಯನ್ನಿನ ಯಜಮಾನಿಗೂ ಈ ಮಾತು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಒಂದು ವಾರ ಜಗಳವೇ ನಡೆಯಿತು. ನಮ್ಮ ಮನೆಯವರು "ಎಂಟು ವರ್ಷದ ನಾಯಿ, ಏನರ ಆದ್ರ?" ಎನ್ನುತ್ತಿದ್ದರು. ರಾತ್ರಿ ನಾನೂ ನಿದ್ದೆಯಿಲ್ಲದೆ ಅವಳ ಉಸಿರು ಕೇಳುತ್ತ ಮಲಗುತ್ತಿದ್ದೆ. ಆದರೆ ಕೀವು ತುಂಬಿದ ಹಲ್ಲಿನ ನೋವನ್ನು ಅವಳು ತಿಂಗಳುಗಟ್ಟಲೆ ಬಾಯಿಬಿಡದೆ ತಡೆದಿದ್ದಳು ಎಂಬುದು ತಿಳಿದ ಮೇಲೆ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಡಾಕ್ಟರಮ್ಮನೇ ದಾರಿ ತೋರಿಸಿದರು. ನಮ್ಮೂರಲ್ಲಿ ಅವರ ಬಳಿ ಗ್ಯಾಸ್ ಅರಿವಳಿಕೆ ಯಂತ್ರವಾಗಲಿ, ಹಲ್ಲಿನ ಎಕ್ಸ್‌ರೇ ಆಗಲಿ ಇಲ್ಲ. ಎರಡೂ ಇರುವ ಬೆಳಗಾವಿಯ ಒಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟು, ಅದಕ್ಕೂ ಮೊದಲು ರಕ್ತಪರೀಕ್ಷೆ ಮಾಡಿಸಿ ಎಂದರು.

ನಾವು ಎಣಿಸದ ಅಡ್ಡಿ ಬಂದದ್ದು ಅಲ್ಲಿ. ಮೂತ್ರಪಿಂಡ, ಯಕೃತ್ತು ಸರಿಯಿದ್ದವು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣ ಮಾತ್ರ 78,000 ಬಂತು. ನಾಯಿಗಳಲ್ಲಿ ಸಾಮಾನ್ಯವಾಗಿ ಎರಡು ಲಕ್ಷದ ಮೇಲೆ ಇರುತ್ತದೆ. ಓಟದ ತಳಿಗಳಲ್ಲಿ ಸ್ವಲ್ಪ ಕಡಿಮೆ ಇರುವುದು ಸಹಜವಾದರೂ ಇದು ತೀರಾ ಕಡಿಮೆ. ಈ ಸ್ಥಿತಿಯಲ್ಲಿ ಹಲ್ಲು ಕಿತ್ತರೆ ರಕ್ತ ನಿಲ್ಲದೆ ಹೋಗಬಹುದು. ಪ್ಲೇಟ್‌ಲೆಟ್‌ಗಳು ಗುಂಪುಗೂಡಿದ್ದರೆ ಯಂತ್ರ ಕಡಿಮೆ ಎಣಿಸುವುದುಂಟು, ಹಾಗಾಗಿ ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿಯೂ ನೋಡಿದರು. ನಿಜವಾಗಿಯೇ ಕಡಿಮೆ ಇತ್ತು. ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಎರ್ಲಿಕಿಯಾ ರೋಗದ ಕಿಟ್ ಪರೀಕ್ಷೆ ಪಾಸಿಟಿವ್. ನಮ್ಮ ಕಡೆ ಹೊಲ, ದನದ ಕೊಟ್ಟಿಗೆ ಅಡ್ಡಾಡುವ ನಾಯಿಗೆ ಉಣ್ಣೆ ತಪ್ಪಿದ್ದಲ್ಲ. ಜ್ವರವಿಲ್ಲ, ಸುಸ್ತಿಲ್ಲ, ಹೊರಗೆ ಏನೂ ಕಾಣುತ್ತಿರಲಿಲ್ಲ. ರಕ್ತಪರೀಕ್ಷೆಯೇ ಬೇಡ ಎನ್ನುವ ಆ ಸಂದೇಶ ನನಗೆ ಆಗ ನೆನಪಾಯಿತು. ಒಸಡಿನಿಂದ ಬಂದ ಆ ರಕ್ತವೂ ನೆನಪಾಗಿ ಮೈ ಜುಮ್ಮೆಂದಿತು. ಈ ಪರೀಕ್ಷೆಗಳಿಗೆಲ್ಲ ಸೇರಿ ನಮಗೆ 2,800 ರೂಪಾಯಿ ಆಯಿತು.

ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ, ನಾಲ್ಕು ವಾರ. ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಸುಡುತ್ತದೆ, ಹೊಟ್ಟೆ ತೊಳಸುತ್ತದೆ. ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ ಎಂದರು, ಹಾಲಿನ ಜೊತೆ ಬೇಡವೇ ಬೇಡ ಎಂದರು. ಹಾಲು ರೊಟ್ಟಿಯ ಮೇಲೆ ಬೆಳೆದ ನಾಯಿಗೆ ಹಾಲು ತಪ್ಪಿಸಿ ಮಾತ್ರೆ ನುಂಗಿಸುವುದು ದಿನವೂ ಒಂದು ಕೆಲಸವಾಯಿತು. ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಹುದುಗಿಸಿದರೆ ನುಂಗುತ್ತಿದ್ದಳು. ಹಲ್ಲಿನ ನೋವಿಗೂ ಔಷಧ ಇತ್ತು. ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೇನ್ ಮನೆಯಲ್ಲಿದೆಯೆಂದು ಯಾರೂ ನಾಯಿಗೆ ಕೊಡಬೇಡಿ, ವೈದ್ಯರು ಬರೆದದ್ದನ್ನಷ್ಟೇ ಕೊಡಿ. ಕೋರ್ಸ್ ಮುಗಿದ ಮೇಲೆ ಮತ್ತೆ ಪರೀಕ್ಷಿಸಿದಾಗ ಪ್ಲೇಟ್‌ಲೆಟ್ 1.9 ಲಕ್ಷಕ್ಕೆ ಏರಿತ್ತು. ಬೆಳಗಾವಿಯವರು ದಿನಾಂಕ ಕೊಟ್ಟರು.

ರಾತ್ರಿಯ ನಂತರ ಊಟ ಬಂದ್, ನೀರು ಮಾತ್ರ ಬೆಳಗಿನವರೆಗೆ. ಬಿಸಿಲು ಏರುವ ಮೊದಲು ಹೋಗಬೇಕೆಂದು ಕತ್ತಲಲ್ಲೇ ಹೊರಟೆವು. ಲೋಕಾಪುರ, ಯರಗಟ್ಟಿ, ನೇಸರಗಿ ದಾಟುವಾಗ ಚೆನ್ನಿ ಕಿಟಕಿಗೆ ಮೂಗಿಟ್ಟು ಕೂತಿದ್ದಳು. ಹಸಿದ ನಾಯಿ ನಾವು ಬಿಚ್ಚಿದ ಬುತ್ತಿಯ ಕಡೆ ನೋಡುತ್ತಿದ್ದರಿಂದ ಯಾರಿಗೂ ತಿನ್ನಲು ಮನಸ್ಸಾಗಲಿಲ್ಲ. ಬಾಡಿಗೆ ಗಾಡಿಯವರಿಗೆ ನಾಯಿ ಇದೆ ಎಂದು ಮೊದಲೇ ಹೇಳಿರಿ. ನಮಗೆ ಒಬ್ಬರು ಹಿಂದಿನ ದಿನ ಒಪ್ಪಿ, ಬೆಳಿಗ್ಗೆ ನಾಯಿ ನೋಡಿ ತಿರುಗಿ ಹೋದರು, ಮತ್ತೊಂದು ಗಾಡಿ ಹುಡುಕುವುದರಲ್ಲಿ ಒಂದು ತಾಸು ಹೋಯಿತು. ಹೋಗಿ ಬರಲು ಬಾಡಿಗೆ 5,500. ಲಸಿಕೆಯ ಪುಸ್ತಕ, ಎರಡೂ ಸಲದ ರಕ್ತದ ವರದಿ, ಊರಿನ ಡಾಕ್ಟರ ಚೀಟಿ, ಕೊಡುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ ಇಷ್ಟನ್ನೂ ಕೇಳಿದರು. ಮೂಲ ವರದಿಯೇ ಬೇಕು, ಮೊಬೈಲಿನ ಫೋಟೋದಲ್ಲಿ ಅಂಕಿ ಮಸುಕಾಗಿ ಓದಲಾಗುವುದಿಲ್ಲ.

ಅರಿವಳಿಕೆ ಕೊಡುವ ಡಾಕ್ಟರಿಗೆ ನಾನು ಕೇಳಬೇಕಾದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಓಟದ ತಳಿ ಎಂದು ಗೊತ್ತಿದೆಯೇ, ಯಾವ ಔಷಧ, ಕೊಳವೆ ಹಾಕುತ್ತೀರಾ, ಯಾರು ಕೂತು ನೋಡಿಕೊಳ್ಳುತ್ತಾರೆ. ಅವರು ಒಂದೊಂದಕ್ಕೂ ಉತ್ತರಿಸಿದರು. ತೂಕ ಮತ್ತೆ ಅಲ್ಲೇ ಮಾಡಿದರು, 23 ಕಿಲೋ. ಮುಂಗಾಲಿನ ರಕ್ತನಾಳಕ್ಕೆ ಸೂಜಿ, ಅದರಲ್ಲಿ ನಿದ್ದೆ ಬರಿಸುವ ಪ್ರೊಪೊಫೋಲ್. ನಿದ್ದೆ ಹತ್ತಿದ ಮೇಲೆ ಶ್ವಾಸನಾಳಕ್ಕೆ ಕೊಳವೆ, ಆಮ್ಲಜನಕದ ಜೊತೆ ಐಸೋಫ್ಲುರೇನ್ ಎಂಬ ಅರಿವಳಿಕೆ ಗ್ಯಾಸ್. ಯಂತ್ರ ಹಲ್ಲು ಕೆರೆಯುವಾಗ ನೀರು, ಪಾಚಿ, ಸೂಕ್ಷ್ಮಾಣು ಎಲ್ಲವೂ ಬಾಯಿ ತುಂಬ ಚಿಮ್ಮುತ್ತವೆ. ಅದು ಶ್ವಾಸಕೋಶಕ್ಕೆ ಇಳಿಯದಂತೆ ಆ ಕೊಳವೆಯೇ ತಡೆ. ಎಚ್ಚರವಿರುವ ನಾಯಿಗೆ ಆ ರಕ್ಷಣೆಯೂ ಇರುವುದಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇನ್ನೊಂದು ಒಪ್ಪಿಗೆ ಪತ್ರ, ಇದರಲ್ಲಿ ಅಪಾಯಗಳನ್ನೆಲ್ಲ ಮೊದಲ ಪುಟದಲ್ಲೇ ಬರೆದಿದ್ದರು. ಸಹಿ ಹಾಕುವಾಗ ಕೈ ನಡುಗಿತು. ಒಳಗೆ ಕರೆದೊಯ್ಯುವಾಗ ಚೆನ್ನಿ ತಿರುಗಿ ತಿರುಗಿ ನೋಡಿದಳು. ನಮ್ಮ ಮನೆಯವರು ಹೊರಗೆ ಹೋಗಿ ನಿಂತುಬಿಟ್ಟರು. ನೀವು ಹೋದಾಗ ಫೋನ್ ಚಾರ್ಜ್ ಇರಲಿ, ಕೈಯಲ್ಲೇ ಇರಲಿ. ನಾಯಿ ನಿದ್ದೆಯಲ್ಲಿರುವಾಗಲೇ ಎಕ್ಸ್‌ರೇ ನೋಡಿ, ಯಾವ ಹಲ್ಲು ಕೀಳಬೇಕೆಂದು ನಿಮ್ಮ ಒಪ್ಪಿಗೆ ಕೇಳುತ್ತಾರೆ. ಆಗ ನೀವು ಸಿಗದಿದ್ದರೆ ಅರಿವಳಿಕೆಯ ಹೊತ್ತು ಸುಮ್ಮನೆ ಉದ್ದವಾಗುತ್ತದೆ. ನನಗೂ ಕರೆ ಬಂತು. ಪರದೆಯ ಮೇಲೆ ತೋರಿಸಿದರು: ಎಡ ಮೇಲಿನ ದೊಡ್ಡ ಹಲ್ಲಿನ ಬೇರಿನ ಸುತ್ತ ಎಲುಬು ಕರಗಿ ಕಪ್ಪು ನೆರಳು. ಅದಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಬಲಬದಿಯ ಇನ್ನೊಂದು ಹಲ್ಲು. ಬಾಗಲಕೋಟೆಯಲ್ಲಿ ಅದರ ಹೊರಬದಿ ಕೆರೆದಾಗ ಹೊಳೆಯುತ್ತಿತ್ತು. ಒಳಬದಿಯ ಸಂದಿಗೆ ಕಡ್ಡಿ ಇಳಿಸಿದರೆ 7 ಮಿಲಿಮೀಟರ್ ಹೋಯಿತು. ಎರಡನ್ನೂ ತೆಗೆಯಲು ಒಪ್ಪಿದೆ. ಮೂರು ಬೇರಿನ ಹಲ್ಲನ್ನು ಇಡಿಯಾಗಿ ಎಳೆಯುವುದಿಲ್ಲ, ಕೊರೆದು ಮೂರು ತುಂಡು ಮಾಡಿ ಒಂದೊಂದನ್ನೇ ಬಿಡಿಸುತ್ತಾರೆ. ನಿದ್ದೆಯಲ್ಲಿದ್ದರೂ ಆ ಭಾಗಕ್ಕೆ ಬೇರೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಉಳಿದ ಹಲ್ಲುಗಳನ್ನು ಒಸಡಿನ ಮೇಲೆ, ಕೆಳಗೆ, ಒಳಬದಿ, ಹೊರಬದಿ ಸ್ವಚ್ಛ ಮಾಡಿ ಪಾಲಿಶ್ ಮಾಡಿದರು.

ಮೈಯಲ್ಲಿ ಕೊಬ್ಬಿಲ್ಲದ ನಾಯಿ ಅರಿವಳಿಕೆಯಲ್ಲಿ ಬೇಗ ತಣ್ಣಗಾಗುತ್ತದೆ. ಅವರು ಬೆಚ್ಚಗಿನ ಹಾಸಿಗೆ ಇಟ್ಟಿದ್ದರು, ನಾವು ಮನೆಯಿಂದ ಒಯ್ದ ಕೌದಿಯನ್ನೂ ಹೊದಿಸಿದರು. ಕೊಳವೆ ತೆಗೆದು ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ತೊದಲುವಂತೆ ಏನೋ ಅರೆಬರೆ ಕೂಗಿದಳು. ಅದು ನೋವಲ್ಲ, ಔಷಧದ ಮಂಪರು ಎಂದು ಮೊದಲೇ ಹೇಳಿದ್ದರಿಂದ ಧೈರ್ಯವಾಗಿ ನಿಂತೆ. ಸಂಜೆಗೆ ಅವಳಾಗಿಯೇ ಎದ್ದು ನಡೆದಳು. "ಏಳೂದಿಲ್ಲ" ಎನ್ನುತ್ತಿದ್ದ ಅಪ್ಪನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆವು. ಅವರು ಮಾತಾಡದೆ ಕಣ್ಣೊರೆಸಿಕೊಂಡರು.

ಎಕ್ಸ್‌ರೇ, ಗ್ಯಾಸ್, ಹಲ್ಲು ತೆಗೆದದ್ದು, ಔಷಧ ಸೇರಿ 14,800 ರೂಪಾಯಿ ಬಿಲ್ಲು. ನಮ್ಮಂಥ ಮನೆಗೆ ಸಣ್ಣ ಮೊತ್ತವಲ್ಲ. ಹೋಗುವ ಮೊದಲೇ ಅಂದಾಜು ಬರೆಸಿಕೊಳ್ಳಿ, ಹಲ್ಲು ಕಿತ್ತರೆ ಒಂದಕ್ಕೆ ಎಷ್ಟು ಹೆಚ್ಚು ಎಂಬುದನ್ನೂ ಕೇಳಿ.

ಎರಡು ವಾರ ಮೆತ್ತಗಿನ ಊಟ: ಅನ್ನ ಮಜ್ಜಿಗೆ, ನೆನೆಸಿದ ಮೆತ್ತನೆ ರೊಟ್ಟಿ, ಬೇಯಿಸಿ ನುಣ್ಣಗೆ ಮಾಡಿದ ಕೋಳಿ. ಕಟಕ ರೊಟ್ಟಿ ತಿಂದರೆ ನಾಯಿಯ ಹಲ್ಲು ತಾನೇ ಸ್ವಚ್ಛವಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದು ಹಲ್ಲಿನ ತುದಿಗೆ ತಾಗಿ ಪುಡಿಯಾಗುತ್ತದೆ, ಪಾಚಿ ಕೂರುವ ಒಸಡಿನ ಅಂಚಿಗೆ ಹೋಗುವುದೇ ಇಲ್ಲ. ದೊಡ್ಡ ಎಲುಬಂತೂ ಇನ್ನೂ ಕೆಟ್ಟದ್ದು. ಅದೇ ದೊಡ್ಡ ದವಡೆ ಹಲ್ಲು ಎಲುಬು ಕಡಿಯುವಾಗ ಸೀಳುವುದು ಹೆಚ್ಚು. ಉಗುರಿನಿಂದ ಒತ್ತಿದರೆ ಒಂದಿಷ್ಟೂ ತಗ್ಗದ ವಸ್ತುವನ್ನು ನಾಯಿಗೆ ಅಗಿಯಲು ಕೊಡಬೇಡಿ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದು ನೆನಪಿಡುವಂಥದ್ದು.

ಹೊಲಿಗೆ ಮಾಯ್ದ ಮೇಲೆ ಬ್ರಶ್ ಶುರು ಮಾಡಿದ್ದೇವೆ, ಇದು ಮಾತ್ರ ಅರಿವಳಿಕೆ ಇಲ್ಲದೆ ಮನೆಯಲ್ಲೇ ಮಾಡಬಹುದಾದ ನಿಜವಾದ ಸ್ವಚ್ಛತೆ. ಹಲ್ಲಿನ ಮೇಲಿನ ಜಿಗುಟು ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ, ಹಾಗಾಗಿ ದಿನವೂ ತಿಕ್ಕಬೇಕು, ವಾರಕ್ಕೊಮ್ಮೆ ಸಾಲದು. ನಮ್ಮ ಪೇಸ್ಟ್ ಬೇಡ: ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿರುವ ಝೈಲಿಟಾಲ್ ಎಂಬ ಸಿಹಿ ಪದಾರ್ಥ ನಾಯಿಗೆ ವಿಷ. ನಾಯಿಗಳ ಪೇಸ್ಟ್ ಸಿಗದಿದ್ದರೆ ಬರೀ ನೀರಲ್ಲಿ ಅದ್ದಿದ ಮೆತ್ತನೆ ಬ್ರಶ್ ಸಾಕು. ಮೊದಲು ಕೆಲವು ದಿನ ತುಟಿ ಎತ್ತಿ ಬಿಡುವುದು, ಆಮೇಲೆ ಬೆರಳಿಗೆ ಸುತ್ತಿದ ಬಟ್ಟೆ, ಆಮೇಲೆ ಬ್ರಶ್, ಹೀಗೆ ಒಂದೊಂದೇ ಹೆಜ್ಜೆ. ಕ್ಲಿನಿಕ್‌ಗಳು ಭಾನುವಾರದ ಆ ಅರ್ಧ ಗಂಟೆಯಲ್ಲಿ ಹಲ್ಲು ಕೆರೆಯುವ ಬದಲು ವೈದ್ಯರು ಬಾಯಿ ನೋಡಿ, ಯಜಮಾನರಿಗೆ ಬ್ರಶ್ ಮಾಡುವುದನ್ನು ಕೈಹಿಡಿದು ಕಲಿಸಿದರೆ ನಾನು ಅದೇ 1,500 ರೂಪಾಯಿ ಸಂತೋಷದಿಂದ ಕೊಡುತ್ತೇನೆ. ಇದನ್ನು ಡಾಕ್ಟರಮ್ಮನಿಗೂ ಹೇಳಿದ್ದೇನೆ. ಈಗ ಅವರ ಸಂದೇಶದಲ್ಲಿ "ಮೊದಲು ವೈದ್ಯರ ತಪಾಸಣೆ ಕಡ್ಡಾಯ" ಎಂಬ ಸಾಲು ಸೇರಿದೆ.

ಪರೀಕ್ಷೆಗೆ ಎಲ್ಲಿಗೇ ಹೋದರೂ, ನಾಯಿಯ ಬಾಯಿಗೆ ಕೈ ಹಾಕುವವರು ಯಾರು ಎಂದು ಕೇಳಿ. ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ 1984ರ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವವರು ನೋಂದಾಯಿತ ಪಶುವೈದ್ಯರಾಗಿರಬೇಕು, ನೋಂದಣಿ ಸಂಖ್ಯೆ ಕೇಳಲು ಹಿಂಜರಿಯಬೇಡಿ. ಹಲ್ಲಿನ ಒಳಬದಿ ಮಾಡುತ್ತೀರಾ, ಒಸಡಿನ ಕೆಳಗೆ ಅಳೆಯುತ್ತೀರಾ, ಎಕ್ಸ್‌ರೇ ಇದೆಯೇ ಎಂದೂ ಕೇಳಿ. ಚೆನ್ನಿಯನ್ನು ಆರು ತಿಂಗಳಿಗೆ ಮತ್ತೆ ತೋರಿಸಬೇಕು. ಉಣ್ಣೆಗೆ ತಿಂಗಳ ಮಾತ್ರೆ ಶುರುವಾಗಿದೆ, ಪ್ಲೇಟ್‌ಲೆಟ್ ಇನ್ನೊಮ್ಮೆ ನೋಡಬೇಕಿದೆ. ನಮ್ಮ ಓಣಿಯಲ್ಲಿ ಇನ್ನೂ ಮೂರು ಮನೆಗಳ ನಾಯಿಗೆ ಬಾಯಿ ನಾರುತ್ತಿದೆ, ಮುಂದಿನ ವಾರ ಅವರ ಜೊತೆ ನಾನೂ ಡಾಕ್ಟರಮ್ಮನ ಹತ್ತಿರ ಹೋಗುತ್ತಿದ್ದೇನೆ.